ಬರ್ಗರ್ ಬಿಸಿ, ಶೇಕ್ ತಣ್ಣಗೆ: ಆ ಹತ್ತು ನಿಮಿಷದಲ್ಲಿ ಏನೇನಾಗುತ್ತದೆ?

ಬರ್ಗರ್‌ಗೂ ಮಿಲ್ಕ್‌ಶೇಕ್‌ಗೂ ಒಂದೇ ತೊಂದರೆ. ಎರಡೂ ಟೇಬಲ್ಲಿಗೆ ಬಂದ ಗಳಿಗೆಯಿಂದಲೇ ಕೆಡುತ್ತಾ ಹೋಗುತ್ತವೆ. ಬರ್ಗರ್ ಆರುತ್ತದೆ, ಬನ್ನಿನ ತಳ ಒದ್ದೆಯಾಗುತ್ತದೆ, ಕರಗಿದ ಚೀಸ್ ಮತ್ತೆ ಬಿಗಿಯುತ್ತದೆ. ಶೇಕ್ ಕರಗಿ ತೆಳ್ಳಗಾಗುತ್ತದೆ, ಜೊತೆಗೆ ಯಾಕೋ ಸಿಹಿಯೂ ಜಾಸ್ತಿ ಅನ್ನಿಸತೊಡಗುತ್ತದೆ. ಬೆಳಗ್ಗೆ ಕಲಸಿಟ್ಟ ಪುಳಿಯೋಗರೆ ಮಧ್ಯಾಹ್ನಕ್ಕೆ ಇನ್ನೂ ರುಚಿ. ಬರ್ಗರ್‌ಗೆ ಆ ಯೋಗ ಇಲ್ಲ. ಅಡುಗೆಮನೆಯಿಂದ ಹೊರಬಿದ್ದ ಮೇಲೆ ಅದಕ್ಕಿರುವುದು ಹೆಚ್ಚೆಂದರೆ ಹತ್ತು ನಿಮಿಷ.

ಇಂದಿರಾನಗರ, ಕೋರಮಂಗಲ, ಜಯನಗರ, ಎಲ್ಲಿ ಹೋದರೂ ಈಗ ಬರ್ಗರ್-ಶೇಕ್ ಅಂಗಡಿಗಳಿವೆ. ಶನಿವಾರ ಸಂಜೆ ಹೊರಗೆ ಹೆಸರು ಬರೆಸಿ ಕಾಯುವ ಜನರೂ ಇದ್ದಾರೆ. ಅಲ್ಲಿ ಯಾಕಷ್ಟು ಹೊತ್ತಾಗುತ್ತದೆ, ಅದೇ ಬರ್ಗರ್ ಮನೆಗೆ ತರಿಸಿಕೊಂಡರೆ ಯಾಕೆ ಸಪ್ಪೆ, ಜ್ಯೂಸ್ ಅಂಗಡಿಯ ಶೇಕ್‌ಗೂ ಇಲ್ಲಿನ ಶೇಕ್‌ಗೂ ದರದಲ್ಲಿ ಯಾಕಷ್ಟು ಅಂತರ, ಬಿಲ್ಲಿನಲ್ಲಿ ಯಾವುದನ್ನು ಕೊಡಬೇಕು, ಯಾವುದನ್ನು ಬೇಡ ಅನ್ನಬಹುದು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಆ ಹತ್ತು ನಿಮಿಷದ ಸುತ್ತಲೇ ಇದೆ. ಮೂರನೆಯದರ ಉತ್ತರ ಗ್ಲಾಸಿನೊಳಗಿದೆ. ನಾಲ್ಕನೆಯದು ಮಾತ್ರ ಸರ್ಕಾರಿ ಲೆಕ್ಕ, ಅದಕ್ಕೆ ಕೊನೆಯಲ್ಲಿ ಬರೋಣ.

ಇವೆರಡೂ ಜೋಡಿಯಾದದ್ದು

ಶೇಕಿನ ಕಥೆಯಲ್ಲಿ ನಮ್ಮೆಲ್ಲರ ಮನೆಯ ಒಂದು ಡಬ್ಬಿ ಬರುತ್ತದೆ: ಹಾರ್ಲಿಕ್ಸ್. ಇಂಗ್ಲೆಂಡಿನ ಹಾರ್ಲಿಕ್ ಸಹೋದರರು ಅಮೆರಿಕಕ್ಕೆ ಹೋಗಿ 1873ರಲ್ಲಿ ಕಂಪನಿ ಶುರು ಮಾಡಿದರು. ಮೊಳಕೆ ಕಟ್ಟಿದ ಬಾರ್ಲಿ, ಗೋಧಿ, ಹಾಲು ಸೇರಿಸಿದ ಪುಡಿಗೆ 1883ರಲ್ಲಿ ಪೇಟೆಂಟ್ ಸಿಕ್ಕಿತು. ಮಕ್ಕಳಿಗೆ, ಕಾಯಿಲೆಯವರಿಗೆ ಅಂತ ಮಾಡಿದ ಪುಡಿ ಅದು. ಆದರೆ ಅಮೆರಿಕದ ಔಷಧಿ ಅಂಗಡಿಗಳಲ್ಲಿ ಆಗ ಸೋಡಾ ಕೌಂಟರ್‌ಗಳೂ ಇರುತ್ತಿದ್ದವು. ಅಲ್ಲಿಯವರು ಈ ಪುಡಿಯನ್ನು ತಣ್ಣನೆ ಹಾಲಿಗೆ ಹಾಕಿ ಕುಲುಕಿ ಮಾರತೊಡಗಿದರು. 1922ರಲ್ಲಿ ಶಿಕಾಗೋದ ವಾಲ್‌ಗ್ರೀನ್ಸ್ ಕೌಂಟರಿನಲ್ಲಿ ಒಬ್ಬ ನೌಕರ ಅದಕ್ಕೆ ಐಸ್‌ಕ್ರೀಮ್ ಸೇರಿಸಿದ, ಜನ ಮುಗಿಬಿದ್ದರು. ಪಾತ್ರೆಯ ತಳದಲ್ಲಿ ಬ್ಲೇಡ್ ತಿರುಗುವ ಯಂತ್ರ ಬಂದದ್ದೂ ಆ ಹೊತ್ತಿಗೇ, ಇಂಥ ಪಾನೀಯ ಕಡೆಯಲಿಕ್ಕೆ ಅಂತಲೇ. ಅಂದರೆ ಚಟ್ನಿ ರುಬ್ಬುವ ನಮ್ಮ ಮಿಕ್ಸಿಯ ಮೂಲ ಪುರುಷ ಶೇಕ್ ಮಾಡಲು ಹುಟ್ಟಿದವನು!

ಬರ್ಗರ್ ಇನ್ನೊಂದು ದಾರಿಯಲ್ಲಿ ಬಂತು. ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರು ಹೊತ್ತು ಅಮೆರಿಕ ಸೇರಿದ ಕೊಚ್ಚಿದ ಮಾಂಸ, ಅಲ್ಲಿ ಬನ್ನಿನ ಮಧ್ಯೆ ಕೂತಿತು. ಮೊದಲು ಕೂರಿಸಿದವರು ನಾವೇ ಅಂತ ಹೇಳಿಕೊಳ್ಳುವ ಊರುಗಳು ಅಲ್ಲಿ ಹಲವಾರು. 1921ರಲ್ಲಿ ವೈಟ್ ಕ್ಯಾಸಲ್ ಅನ್ನುವ ಅಂಗಡಿ ಇದನ್ನೇ ನಂಬಿ ವ್ಯಾಪಾರ ಶುರು ಮಾಡಿತು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲಿನ ಮೆನುವನ್ನು ಕತ್ತರಿಸಿ, ತಟ್ಟೆ-ಚಮಚಗಳನ್ನು ತೆಗೆದು, ಬರ್ಗರ್, ಆಲೂಗಡ್ಡೆ ಚಿಪ್ಸ್ ಇಂಥ ಕೆಲವೇ ಐಟಂ ಇಟ್ಟುಕೊಂಡರು. ಮರುವರ್ಷ ಶೇಕ್ ಸೇರಿತು. 1954ರಲ್ಲಿ ಅಲ್ಲಿಗೆ ಒಬ್ಬ ಸೇಲ್ಸ್‌ಮನ್ ಬಂದ. ಅವನು ಮಾರುತ್ತಿದ್ದದ್ದು ಒಟ್ಟಿಗೇ ಐದು ಶೇಕ್ ಕಡೆಯುವ ಯಂತ್ರ. ಒಂದೇ ಅಂಗಡಿಗೆ ಇಂಥ ಎಂಟು ಯಂತ್ರ ಯಾಕೆ ಬೇಕಾಯಿತು ಅಂತ ನೋಡಲು ಬಂದಿದ್ದ. ಅವನೇ ರೇ ಕ್ರಾಕ್, ಮುಂದೆ ಆ ಕಂಪನಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವನು. ಬರ್ಗರ್ ಸಾಮ್ರಾಜ್ಯದ ಬಾಗಿಲು ತೆರೆದದ್ದು ಶೇಕ್ ಯಂತ್ರ.

ಬೆಂಗಳೂರಿಗೆ ಇದೆಲ್ಲ ಬಂದಾಗ ಇಲ್ಲಿ ನೆಲ ಹದವಾಗಿಯೇ ಇತ್ತು. ಬನ್ನು ನಮಗೆ ಹೊಸದಲ್ಲ. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಅಯ್ಯಂಗಾರ್ ಬೇಕರಿಯಿಂದ ಹಿಡಿದು ಇವತ್ತಿನ ಗಲ್ಲಿ ಬೇಕರಿಯವರೆಗೆ ಬೆಣ್ಣೆ ಬನ್, ಖಾರಾ ಬನ್ ತಿಂದೇ ಬೆಳೆದ ಊರು ಇದು. ವಿ.ವಿ.ಪುರಂನ ವಿ.ಬಿ. ಬೇಕರಿಯ ಕಾಂಗ್ರೆಸ್ ಬನ್ ನೋಡಿ. ಬನ್ನು ಸೀಳಿ, ಬೆಣ್ಣೆ ಸವರಿ, ಮಸಾಲೆ ಕಡಲೆಬೀಜ ತುಂಬಿದರೆ ಆಯಿತು. ಮೆತ್ತನೆಯ ಬನ್ನು, ಒಳಗೆ ಜಿಡ್ಡು, ಖಾರ, ಕರುಂ ಅನ್ನುವ ಒಂದು ವಸ್ತು. ಬರ್ಗರಿನ ವ್ಯಾಕರಣ ಇದೇ ಅಲ್ವಾ? ಹಾಲಿನ ಕಡೆಯೂ ಹಾಗೇ. ದಂಡು ಪ್ರದೇಶದಲ್ಲಿ 1930ರಷ್ಟು ಹಿಂದೆಯೇ ಲೇಕ್ ವ್ಯೂ ಮಿಲ್ಕ್ ಬಾರ್ ಇತ್ತು. 1982ರಲ್ಲಿ ಕಾರ್ನರ್ ಹೌಸ್ ಐಸ್‌ಕ್ರೀಮ್ ಅಂಗಡಿ ಬಂತು. ಈ ನಡುವೆ ನಂದಿನಿ ಹಾಲು ಮನೆಮನೆಗೆ ಮುಟ್ಟಿತ್ತು.

ಫಾಸ್ಟ್ ಫುಡ್ ಅನ್ನುವುದನ್ನೂ ವಿದೇಶಿ ಕಂಪನಿಗಳು ನಮಗೆ ಕಲಿಸಬೇಕಾಗಿರಲಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ತೆರೆದು ಟೋಕನ್ ತಗೊಂಡು, ನಿಂತು ತಿಂದು ಹೊರಡುವ ಪದ್ಧತಿಯನ್ನು ಊರಿಗೆ ರೂಢಿ ಮಾಡಿಸಿದ್ದರು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತನ್ನ ಭಾರತದ ಮೊದಲ ಅಂಗಡಿ ತೆರೆದಾಗ ದೊಡ್ಡ ಗಲಾಟೆಯೇ ಆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೀದಿಗಿಳಿಯಿತು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ನಡೆಯಿತು. ಆಮೇಲೆ ಬಂದದ್ದು ನಮ್ಮೂರಿನವರೇ ನಡೆಸುವ, ಕುರ್ಚಿ ಹಾಕಿ ಕೂರಿಸುವ ಬರ್ಗರ್ ಅಂಗಡಿಗಳು. ಸೇಂಟ್ ಮಾರ್ಕ್ಸ್ ರಸ್ತೆಯ ಟ್ರಫಲ್ಸ್ ಮುಂದೆ ನಿಂತ ಕಾಲೇಜು ಹುಡುಗರ ಗುಂಪು ನೋಡದ ಬೆಂಗಳೂರಿಗ ಕಡಿಮೆ. ಇವನ್ನು ಫಾಸ್ಟ್ ಫುಡ್ ಅನ್ನುವುದು ತಪ್ಪು ಅಂತ ನನ್ನ ವಾದ. ಈ ಊರಲ್ಲಿ ನಿಜವಾದ ಫಾಸ್ಟ್ ಫುಡ್ ಅಂದರೆ ದರ್ಶಿನಿಯ ಇಡ್ಲಿ. ಬರ್ಗರ್ ಅಂಗಡಿಗೆ ಹೋಗುವುದು ಹರಟಲಿಕ್ಕೆ.

ಕಾವಲಿಯ ಮೇಲೆ

ಅಡುಗೆಮನೆ ಕಾಣುವಂಥ ಅಂಗಡಿಯಾದರೆ ಕಾವಲಿ ಕಡೆ ಮುಖ ಮಾಡಿ ಕೂತುಕೊಳ್ಳಿ. ಕೊಚ್ಚಿದ ಮಾಂಸದ ಒಂದು ಉಂಡೆ ಕಾದ ಕಬ್ಬಿಣದ ಮೇಲೆ ಬೀಳುತ್ತದೆ. ಅಡುಗೆಯವರು ಮೇಲಿಂದ ಭಾರದ ಸ್ಟೀಲ್ ತಟ್ಟೆಯಿಟ್ಟು ಒಂದೇ ಸಲ ಒತ್ತುತ್ತಾರೆ. ಚುಂಯ್ ಅನ್ನುವ ಸದ್ದು ಜೋರಾಗುತ್ತದೆ. ಅಂಚು ತೆಳ್ಳಗೆ ಹರಡಿ, ಜಾಲರಿಯಾಗಿ, ಕೆಂಪಾಗಿ, ಆಮೇಲೆ ಕಂದಾಗುತ್ತದೆ. ಚಪ್ಪಟೆ ಸೌಟಿನಿಂದ ತಳ ಕೆರೆದು ತಿರುವಿ ಹಾಕುತ್ತಾರೆ. ಸ್ಮ್ಯಾಶ್ ಬರ್ಗರ್ ಅಂತ ಮೆನುವಿನಲ್ಲಿ ಇರುವುದು ಇದೇ.

ಆ ಕಂದು ಬಣ್ಣದಲ್ಲೇ ರುಚಿಯೆಲ್ಲ ಇದೆ. ಮಾಂಸದ ಮೇಲ್ಮೈ ಒದ್ದೆ ಇರುವಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ, ಯಾಕೆಂದರೆ ನೀರು ಅಲ್ಲಿಗೆ ಕುದಿದು ಆವಿಯಾಗುತ್ತಿರುತ್ತದೆ. ನೀರು ಹೋದ ಮೇಲೆ ಬಿಸಿ ಏರಿ 140 ಡಿಗ್ರಿ ಆಸುಪಾಸಿಗೆ ಬಂದಾಗ ಪ್ರೋಟೀನಿನ ತುಣುಕುಗಳೂ ಸಕ್ಕರೆಯ ಅಂಶಗಳೂ ಸೇರಿ ನೂರಾರು ಹೊಸ ಪರಿಮಳಗಳು ಹುಟ್ಟುತ್ತವೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಲ್ಲಿ ಇದಕ್ಕೆ ಮೈಯಾರ್ ಕ್ರಿಯೆ ಅನ್ನುತ್ತಾರೆ. ದೋಸೆಯ ತಳ ಕೆಂಪಗಾಗುವುದು, ಕಾಫಿ ಬೀಜ ಹುರಿದಾಗ ಘಮ ಬರುವುದು, ಎಲ್ಲದರಲ್ಲೂ ಇದೇ ಕ್ರಿಯೆಯ ಕೈವಾಡ. ಉಂಡೆಯನ್ನು ಒತ್ತುವುದು ಕಾವಲಿಗೆ ತಾಗುವ ಜಾಗ ಜಾಸ್ತಿ ಆಗಲಿ ಅಂತ. ಆದರೆ ಒತ್ತುವುದು ಮೊದಲ ಕೆಲವು ಸೆಕೆಂಡು ಮಾತ್ರ, ಕೊಬ್ಬು ಇನ್ನೂ ಗಟ್ಟಿಯಿದ್ದಾಗ. ಅರ್ಧ ಬೆಂದ ಮೇಲೆ ಯಾರಾದರೂ ಸೌಟಿನಿಂದ ಒತ್ತುತ್ತಾ ನಿಂತಿದ್ದರೆ ಅವರು ಕರಗಿದ ಕೊಬ್ಬನ್ನೆಲ್ಲ ಹಿಂಡಿ ಹೊರಗೆ ಹಾಕುತ್ತಿದ್ದಾರೆ ಅಂತ ಲೆಕ್ಕ. ಆ ಬರ್ಗರ್ ಒಣಕಲು.

ಉಪ್ಪಿನದೂ ಒಂದು ಗುಟ್ಟಿದೆ. ಕೊಚ್ಚಿದ ಮಾಂಸಕ್ಕೆ ಉಪ್ಪು ಹಾಕಿ ಮೊದಲೇ ಕಲಸಿಟ್ಟರೆ ಅದರ ಪ್ರೋಟೀನ್ ಕರಗಿ ಅಂಟಾಗುತ್ತದೆ, ಬೆಂದಾಗ ಸಾಸೇಜ್ ಹಾಗೆ ಪುಟಿಯುತ್ತದೆ. ಅದಕ್ಕೇ ಬಲ್ಲವರು ಕಾವಲಿಗೆ ಹಾಕಿದ ಮೇಲೇ ಉಪ್ಪು ಉದುರಿಸುತ್ತಾರೆ. ಮಾಂಸದಲ್ಲಿ ಐದರಲ್ಲಿ ಒಂದು ಪಾಲು ಕೊಬ್ಬಿರಬೇಕು ಅನ್ನುವುದು ಈ ಕಸುಬಿನ ಹಳೆಯ ಅಳತೆ.

ಬೆಂಗಳೂರಲ್ಲಿ ಈ ಅಳತೆ ಹೆಚ್ಚಿನ ಕಡೆ ನಡೆಯುವುದಿಲ್ಲ, ಯಾಕೆಂದರೆ ಇಲ್ಲಿ ಬರ್ಗರ್ ಅಂದರೆ ಬಹುಪಾಲು ಕೋಳಿ. ಕೆಲವು ಕಡೆ ಎಮ್ಮೆ ಮಾಂಸದ್ದು ಸಿಗುತ್ತದೆ. 2021ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ಜಾನುವಾರು ವಧೆಯನ್ನು ನಿಷೇಧಿಸಿದೆ. ಕೋಳಿಯ ಎದೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಕೊಚ್ಚಿ ತಟ್ಟಿದರೆ ಒಣಗುತ್ತದೆ. ಹಾಗಾಗಿ ಅಂಗಡಿಯವರು ಎರಡು ಉಪಾಯ ಮಾಡುತ್ತಾರೆ. ಒಂದು, ಕೊಬ್ಬು ಸ್ವಲ್ಪ ಜಾಸ್ತಿ ಇರುವ ತೊಡೆ ಮಾಂಸ ಬಳಸುವುದು. ಇನ್ನೊಂದು, ಇಡೀ ತುಂಡನ್ನು ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿ, ಹಿಟ್ಟು ಹೊರಳಿಸಿ ಕರಿಯುವುದು. ಉಪ್ಪು ನೀರನ್ನು ಒಳಗೇ ಹಿಡಿದಿಡುತ್ತದೆ, ಮಜ್ಜಿಗೆಯ ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಮೆನುವಿನಲ್ಲಿ ‘ಕ್ರಿಸ್ಪಿ’, ‘ಗ್ರಿಲ್ಡ್’ ಎರಡೂ ಇದ್ದು, ತೊಡೆ ಮಾಂಸ ಅಂತ ಬರೆದಿಲ್ಲದಿದ್ದರೆ ನಾನಂತೂ ಕ್ರಿಸ್ಪಿ ಕಡೆಗೇ ಕೈ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಇಡೀ ತುಂಡು ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ. ಕೊಚ್ಚಿದಾಗ ಅವು ಒಳಗೆಲ್ಲ ಸೇರಿಕೊಳ್ಳುತ್ತವೆ. ಅದಕ್ಕೇ ಕೊಚ್ಚಿದ ಮಾಂಸದ ನಡುಭಾಗ 71 ಡಿಗ್ರಿ, ಕೋಳಿಯದಾದರೆ 74 ಡಿಗ್ರಿ ಮುಟ್ಟಬೇಕು. ಕೋಳಿ ಬರ್ಗರ್ ಕಚ್ಚಿದಾಗ ನಡುವೆ ಹಸಿ ಕಂಡರೆ ಸಂಕೋಚ ಬೇಡ. “ಅಣ್ಣಾ, ಇದು ಬೆಂದಿಲ್ಲ, ಬೇರೆ ಮಾಡಿಕೊಡಿ” ಅಂದರೆ ಸಾಕು.

ಸಸ್ಯಾಹಾರಿ ಬರ್ಗರ್ ಅಂದರೆ ಸುಮ್ನೆ ಬೋಂಡಾ ಚಪ್ಪಟೆ ಮಾಡಿ ಇಟ್ಟಿದ್ದಾರೆ ಅಂತ ಗೊಣಗುವವರಿದ್ದಾರೆ. ಅರ್ಧ ನಿಜ. ಆಲೂಗಡ್ಡೆ ಪ್ಯಾಟಿಯ (ಬನ್ನಿನ ನಡುವೆ ಇಡುವ ಬಿಲ್ಲೆಯ) ಒಳಗೆ ಮೆತ್ತನೆ ಪಿಷ್ಟವೇ ಇರುವುದರಿಂದ ಅಗಿಯಲು ಏನೂ ಸಿಗುವುದಿಲ್ಲ. ಆದ್ದರಿಂದ ಹೊರಗಿನ ಬ್ರೆಡ್ ಪುಡಿಯ ಗರಿಗರಿಯೇ ಅದರ ಜೀವ. ಅದು ಮೆತ್ತಗಾದರೆ ಬನ್ನೂ ಮೆತ್ತಗೆ, ಪ್ಯಾಟಿಯೂ ಮೆತ್ತಗೆ, ಕಥೆ ಮುಗಿಯಿತು. ಪನೀರ್ ಈ ವಿಷಯದಲ್ಲಿ ವಾಸಿ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಕಾವಲಿಯಲ್ಲಿ ಅಂಚು ಕೆಂಪಾಗುತ್ತದೆ, ಆಕಾರ ಹಾಗೇ ನಿಲ್ಲುತ್ತದೆ. ಚೀಸ್ ಸ್ಲೈಸ್ ಇದಕ್ಕೆ ತದ್ವಿರುದ್ಧ. ಕರಗುವಾಗ ನೀರು ಬೇರೆ, ಜಿಡ್ಡು ಬೇರೆ ಆಗದಿರಲಿ ಅಂತಲೇ ಅದಕ್ಕೆ ಕೆಲವು ಲವಣ ಸೇರಿಸಿರುತ್ತಾರೆ. ಪ್ರೊಸೆಸ್ಡ್ ಚೀಸ್ ಅಂತ ಮೂಗು ಮುರಿಯುವವರು ಮುರಿಯಲಿ, ಬರ್ಗರ್ ಮೇಲೆ ಅಷ್ಟು ಚೆನ್ನಾಗಿ ಹರಡಿಕೊಳ್ಳುವ ಚೀಸ್ ಇನ್ನೊಂದಿಲ್ಲ.

ಬನ್ನು ಒದ್ದೆಯಾಗದಂತೆ

ಬರ್ಗರ್ ಕಟ್ಟುವುದು ಅಂದರೆ ನೀರು ತಡೆಯುವ ಕೆಲಸ. ಪ್ಯಾಟಿಯಿಂದ ರಸ ಇಳಿಯುತ್ತದೆ, ಟೊಮೆಟೊ ನೀರು ಬಿಡುತ್ತದೆ, ಸಾಸ್ ಜಾರುತ್ತದೆ. ಎಲ್ಲ ಹೋಗಿ ಸೇರುವುದು ಕೆಳಗಿನ ಬನ್ನಿಗೆ. ಒಳ್ಳೆ ಅಂಗಡಿಯಲ್ಲಿ ಬನ್ನು ಸೀಳಿದ ಕಡೆ ಬೆಣ್ಣೆ ಹಚ್ಚಿ ಕಾವಲಿ ಮೇಲೆ ಬೋರಲು ಹಾಕಿ ಸುಡುತ್ತಾರೆ. ಸುಟ್ಟ ಪದರ ಒಂದು ತಡೆ, ಬೆಣ್ಣೆಯ ಜಿಡ್ಡು ಇನ್ನೊಂದು. ಅದರ ಮೇಲೆ ಮೇಯೋ (ಮೇಯೋನೀಸ್ ಅನ್ನುವ ಗಟ್ಟಿ ಬಿಳಿ ಸಾಸ್) ಸವರಿ, ಲೆಟಿಸ್ ಎಲೆ ಹಾಸಿ, ಆಮೇಲೆ ಪ್ಯಾಟಿ ಇಡುತ್ತಾರೆ. ಟೊಮೆಟೊ ನೇರ ಬನ್ನಿಗೆ ತಾಗಿಸಿದ್ದಾರೆ ಅಂದರೆ ಆ ಅಡುಗೆಮನೆಯಲ್ಲಿ ಯಾರೂ ತಮ್ಮ ಬರ್ಗರ್ ತಾವೇ ತಿಂದು ನೋಡಿಲ್ಲ.

ಬೇಕರಿಯ ಸಾದಾ ಬನ್ನು ಇಲ್ಲಿ ಸೋಲುತ್ತದೆ. ಅದು ಹಗುರ, ರಸ ಬಿದ್ದ ಕೂಡಲೇ ಹರಿಯುತ್ತದೆ. ಹಾಲು, ಬೆಣ್ಣೆ, ಮೊಟ್ಟೆ ಸೇರಿಸಿದ ಬ್ರಿಯೋಶ್ ಬನ್ನು ಒತ್ತಿದರೆ ಕುಗ್ಗಿ ಮತ್ತೆ ಏಳುತ್ತದೆ. ಮೊಟ್ಟೆ ತಿನ್ನದವರು ಇಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಪ್ಯಾಟಿ ಆಲೂಗಡ್ಡೆಯದೇ ಇರಬಹುದು, ಬನ್ನಿನೊಳಗೆ ಅಥವಾ ಅದರ ಮೇಲಿನ ಹೊಳಪಿನಲ್ಲಿ ಮೊಟ್ಟೆ ಇರಬಹುದು, ಮೇಯೋದಲ್ಲೂ ಇರಬಹುದು. ಮೊಟ್ಟೆಯಿಲ್ಲದ ಮೇಯೋ ಈಗ ತುಂಬಾ ಕಡೆ ಬಳಸುತ್ತಾರೆ, ಆದರೂ ಕೇಳಿ. ಒಂದೇ ಕಾವಲಿಯಾ, ಒಂದೇ ಎಣ್ಣೆಯಾ ಅಂತಲೂ ಕೇಳಿ. ಮೆನುವಿನ ಹಸಿರು ಚುಕ್ಕೆ ಹೇಳುವುದು ಸಾಮಾನಿನ ಬಗ್ಗೆ. ಬಾಣಲೆ ಬೇರೆ ಇದೆಯಾ ಅಂತ ಅದು ಹೇಳುವುದಿಲ್ಲ.

ಎತ್ತರದ ಬರ್ಗರ್ ಬಗ್ಗೆ ನನಗೊಂದು ತಕರಾರಿದೆ. ಮೂರು ಪ್ಯಾಟಿ, ಮೇಲೊಂದು ಮೊಟ್ಟೆ, ಈರುಳ್ಳಿ ಬಳೆ, ನಡುವೆ ಚುಚ್ಚಿದ ಕಡ್ಡಿ. ಫೋಟೋಗೆ ಚೆಂದ. ಬಾಯಿಗೆ ಹಿಡಿಸುವುದಿಲ್ಲ. ಚಾಕು-ಫೋರ್ಕಿನಲ್ಲಿ ಕೊಯ್ದು ತಿನ್ನುವಷ್ಟರಲ್ಲಿ ಹತ್ತು ನಿಮಿಷ ಕಳೆದೇ ಹೋಗಿರುತ್ತದೆ. ಒಂದು ಕಚ್ಚಿನಲ್ಲಿ ಬನ್ನು, ಪ್ಯಾಟಿ, ಸಾಸ್, ಉಪ್ಪಿನಕಾಯಿ ಸೌತೆ ನಾಲ್ಕೂ ಬರದಿದ್ದರೆ ಅದನ್ನು ಬರ್ಗರ್ ಅಂತ ಕಟ್ಟುವ ಕಷ್ಟ ಯಾಕೆ?

ಫ್ರೈಸ್ ಬಗ್ಗೆ ಎರಡೇ ಮಾತು. ಅದರ ಆಯುಸ್ಸು ಬರ್ಗರಿಗಿಂತಲೂ ಕಡಿಮೆ, ಅದನ್ನೇ ಮೊದಲು ತಿನ್ನಿ. ಒಳಗಿನ ಆವಿ ಹೊರಬಂದು ಗರಿ ಪದರವನ್ನು ನೆನೆಸುತ್ತಾ ಇರುತ್ತದೆ. ಎಲ್ಲಾ ಫ್ರೈಸ್ ಕಪ್ಪಗಿದ್ದು ಕಹಿ ಇದ್ದರೆ ಆಲೂಗಡ್ಡೆಯಲ್ಲಿ ಸಕ್ಕರೆ ಜಾಸ್ತಿಯಾಗಿತ್ತು ಅಂತಲೂ ಇರಬಹುದು. ತೀರಾ ತಣ್ಣಗೆ ಇಟ್ಟ ಆಲೂಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಅಥವಾ ಎಣ್ಣೆ ಹಳೆಯದು. ಕರಿದು ಕರಿದು ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ಶೇ 25 ದಾಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ನಮ್ಮ ಹತ್ತಿರ ಅಳೆಯುವ ಮೀಟರ್ ಇಲ್ಲ, ಮೂಗು ಇದೆ.

ಪಾರ್ಸೆಲ್ ಯಾಕೆ ಸೋಲುತ್ತದೆ

ಇಷ್ಟು ಹೇಳಿದ ಮೇಲೆ ಇದು ಬಿಡಿಸಿ ಹೇಳಬೇಕಿಲ್ಲ. ಬಿಸಿ ಬರ್ಗರನ್ನು ಮುಚ್ಚಿದ ಡಬ್ಬಿಗೆ ಹಾಕಿದರೆ ಅದು ತನ್ನ ಆವಿಯಲ್ಲೇ ಬೇಯುತ್ತದೆ. ಡಬ್ಬಿಗೆ ತೂತು ಇಟ್ಟರೆ ಆವಿ ಹೋಗುತ್ತದೆ, ಜೊತೆಗೆ ಬಿಸಿಯೂ ಹೋಗುತ್ತದೆ. ಸಂಜೆ ಏಳಕ್ಕೆ ಇಂದಿರಾನಗರದಿಂದ ಮಾರತ್ತಹಳ್ಳಿಗೆ ಬರುವಷ್ಟರಲ್ಲಿ ಎರಡೂ ಹೋಗಿರುತ್ತವೆ. ತರಿಸಲೇಬೇಕು ಅಂದರೆ ಹತ್ತಿರದ ಅಂಗಡಿಯಿಂದ ತರಿಸಿ, ಸಾಸ್ ಬೇರೆ ಕೊಡಿ ಅಂತ ಬರೆಯಿರಿ. ಬಂದ ಮೇಲೆ ಬಿಚ್ಚಿ, ಬನ್ನನ್ನೂ ಪ್ಯಾಟಿಯನ್ನೂ ಎಣ್ಣೆ ಹಾಕದ ದೋಸೆ ಹೆಂಚಿನ ಮೇಲೆ ಬೇರೆಬೇರೆಯಾಗಿ ಬೆಚ್ಚಗೆ ಮಾಡಿ. ಫ್ರೈಸನ್ನೂ ಅಲ್ಲೇ ಹರಡಿ. ಮೈಕ್ರೋವೇವ್ ಕಡೆ ತಿರುಗಿಯೂ ನೋಡಬೇಡಿ. ಶೇಕನ್ನು ಮಾತ್ರ ಯಾವ ಹೆಂಚೂ ಉಳಿಸಲಾರದು.

ಗ್ಲಾಸಿನೊಳಗೆ

ಬೆಂಗಳೂರಲ್ಲಿ ಎರಡು ಜಾತಿಯ ಮಿಲ್ಕ್‌ಶೇಕ್ ಇವೆ. ಒಂದು ಬೀದಿಯ ಜ್ಯೂಸ್ ಅಂಗಡಿಯದ್ದು. ಅಲ್ಲಿ ಫ್ರೀಜರಿನಿಂದ ಕಲ್ಲಾದ ನಂದಿನಿ ಪ್ಯಾಕೆಟ್ ತೆಗೆದು, ಕಟ್ಟೆಗೆ ಎರಡು ಸಲ ಕುಕ್ಕಿ, ಪುಡಿಯಾದ ಹಾಲನ್ನು ಜಾರಿಗೆ ಸುರಿದು, ಸಪೋಟವನ್ನೋ ಬಟರ್ ಫ್ರೂಟನ್ನೋ ಹಾಕಿ, ಸಕ್ಕರೆ ಸೇರಿಸಿ ಮಿಕ್ಸಿ ತಿರುಗಿಸುತ್ತಾರೆ. ಇನ್ನೊಂದು ಬರ್ಗರ್ ಅಂಗಡಿಯ ಐಸ್‌ಕ್ರೀಮ್ ಶೇಕ್. ಎರಡೂ ದಪ್ಪ, ಆದರೆ ದಪ್ಪವಾಗುವ ಕಾರಣ ಬೇರೆ.

ಹಾಲಿನ ಗಡ್ಡೆಯ ಶೇಕ್ ನಿಂತಿರುವುದು ಮಂಜಿನ ಹರಳಿನ ಮೇಲೆ. ಹರಳು ಕರಗಿದರೆ ಬರೀ ಹಾಲು. ಬಟರ್ ಫ್ರೂಟ್ ಮಾತ್ರ ಇದಕ್ಕೆ ಹೊರತು. ಆ ಹಣ್ಣಿನಲ್ಲಿ ನೂರಕ್ಕೆ ಸುಮಾರು 15 ಪಾಲು ಕೊಬ್ಬೇ ಇರುವುದರಿಂದ ಐಸ್ ಕರಗಿದ ಮೇಲೂ ಬೆಣ್ಣೆಯಂತೆ ಇರುತ್ತದೆ. ಐಸ್‌ಕ್ರೀಮ್ ಶೇಕಿನಲ್ಲಿ ಮಂಜಿನ ಜೊತೆಗೆ ಕೊಬ್ಬು, ಗಾಳಿ, ಅಂಟು ಮೂರೂ ಇವೆ. ಅಂಟು ಅಂದರೆ ಹೆದರಬೇಡಿ. ಐಸ್‌ಕ್ರೀಮ್ ಡಬ್ಬಿಯ ಮೇಲೆ ‘ಗ್ವಾರ್ ಗಮ್’ ಅಂತ ಇದ್ದರೆ ಅದು ನಮ್ಮ ಗೋರಿಕಾಯಿ ಬೀಜದ ಪುಡಿ. ನೀರನ್ನು ಹಿಡಿದಿಟ್ಟು ದೊಡ್ಡ ಹರಳಾಗದಂತೆ ನೋಡಿಕೊಳ್ಳುತ್ತದೆ.

ಗಾಳಿಯ ವಿಷಯ ಸ್ವಲ್ಪ ಕುತೂಹಲದ್ದು. ಒಂದು ಲೀಟರ್ ಐಸ್‌ಕ್ರೀಮ್ ಒಂದು ಕೆಜಿ ತೂಗುವುದಿಲ್ಲ. ಕನಿಷ್ಠ 525 ಗ್ರಾಂ ಇರಬೇಕು ಅನ್ನುತ್ತದೆ ಕಾನೂನು. ಉಳಿದದ್ದು ಗಾಳಿ. ಗಾಳಿ ಇಲ್ಲದಿದ್ದರೆ ಅದು ಕಲ್ಲು, ಚಮಚ ಇಳಿಯುವುದಿಲ್ಲ. ಆದರೆ ಗಾಳಿ ಹೆಚ್ಚಿರುವ ಅಗ್ಗದ ಐಸ್‌ಕ್ರೀಮ್ ಮಿಕ್ಸಿಯಲ್ಲಿ ತಿರುಗಿದಾಗ ಉಸ್ಸಪ್ಪಾ ಅಂತ ಕುಸಿಯುತ್ತದೆ, ಎರಡು ಸ್ಕೂಪ್ ಹಾಕಿದರೂ ಶೇಕ್ ತೆಳ್ಳಗೇ. ಇನ್ನೊಂದು ಬೇಧ ಕೊಬ್ಬಿನದು. ಐಸ್‌ಕ್ರೀಮ್ ಅಂತ ಹೆಸರಿಡಬೇಕಾದರೆ ಹಾಲಿನ ಕೊಬ್ಬು ಶೇ 10 ಇರಬೇಕು, ಕಡಿಮೆ ಕೊಬ್ಬಿನದಾದರೆ ಹಾಗಂತ ಬರೆಯಬೇಕು. ಹಾಲಿನ ಕೊಬ್ಬಿನ ಬದಲು ವನಸ್ಪತಿ ಎಣ್ಣೆ ಬಳಸಿದರೆ ಅದು ‘ಫ್ರೋಜನ್ ಡೆಸರ್ಟ್’. ಅಂಥದ್ದರಿಂದ ಮಾಡಿದ ಶೇಕ್ ಕುಡಿದ ಮೇಲೆ ಕೆಲವೊಮ್ಮೆ ಬಾಯಿಯ ಮೇಲ್ಭಾಗಕ್ಕೆ ಮೇಣ ಹತ್ತಿದ ಹಾಗೆ ಆಗುತ್ತದೆ. ಯಾವ ಐಸ್‌ಕ್ರೀಮ್ ಬಳಸುತ್ತೀರಿ ಅಂತ ಕೇಳಿದರೆ ಒಳ್ಳೆ ಅಂಗಡಿಯವರು ಖುಷಿಯಿಂದ ಹೇಳುತ್ತಾರೆ.

ಈಗ ಲೆಕ್ಕ. 200 ಮಿಲಿ ನಂದಿನಿ ನೀಲಿ ಪ್ಯಾಕೆಟ್ ಹಾಲು, ಅಂದರೆ ಶೇ 3 ಕೊಬ್ಬಿನದು, ಸುಮಾರು 6 ಗ್ರಾಂ ಕೊಬ್ಬು. ಎರಡು ಸ್ಕೂಪ್ ಅಂದರೆ 120 ಗ್ರಾಂ ಐಸ್‌ಕ್ರೀಮ್, ಅದರಿಂದ 12 ಗ್ರಾಂ. ಒಂದು ಗ್ಲಾಸಿನಲ್ಲಿ 18 ಗ್ರಾಂ ಕೊಬ್ಬು, ಸಕ್ಕರೆ ಬೇರೆ. ಹಾಲಿನ ಗಡ್ಡೆಯ ಸಪೋಟ ಶೇಕಿನಲ್ಲಿ ಅದರ ಮೂರನೇ ಒಂದು ಪಾಲು. ದರದ ಅಂತರಕ್ಕೂ ಅರ್ಧ ಕಾರಣ ಇದೇ. ಉಳಿದರ್ಧ ನೀವು ಕೂತ ಕುರ್ಚಿಯ ಬಾಡಿಗೆ.

“ಸಕ್ಕರೆ ಕಡಿಮೆ ಹಾಕಿ” ಅನ್ನುವ ಮಾತು ಜ್ಯೂಸ್ ಅಂಗಡಿಯಲ್ಲಿ ನಡೆಯುತ್ತದೆ, ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಇಲ್ಲಿ ಸಕ್ಕರೆ ಐಸ್‌ಕ್ರೀಮಿನೊಳಗೇ ಇದೆ. ಅದೂ ತುಸು ಜಾಸ್ತಿಯೇ ಇರಬೇಕು, ಯಾಕೆಂದರೆ ನಾಲಿಗೆ ತಣ್ಣಗಾದಾಗ ಸಿಹಿ ಗುರುತಿಸುವುದು ಕಡಿಮೆ. ತಣ್ಣಗಿದ್ದಾಗ ಹದವಾಗಿದ್ದ ಶೇಕ್ ಕರಗಿ ಬೆಚ್ಚಗಾದಾಗ ಅತಿ ಸಿಹಿ ಅನ್ನಿಸುವುದು ಇದಕ್ಕೇ. ಸಿಹಿ ಕಡಿಮೆ ಬೇಕಿದ್ದರೆ ಕಾಫಿ ಅಥವಾ ಕಹಿ ಚಾಕೊಲೇಟಿನದು ಹೇಳಿ, ಮೇಲಿನ ಸಿರಪ್ ಬೇಡ ಅನ್ನಿ. ಹಣ್ಣಿನದು ಬೇಕಿದ್ದರೆ ಕಾಲ ನೋಡಿ. ಮೇ ತಿಂಗಳಲ್ಲಿ ಬಾದಾಮಿ, ರಸಪುರಿ ಮಾವಿನ ಶೇಕಿಗೆ ಸಾಟಿಯಿಲ್ಲ. ನವೆಂಬರಿನಲ್ಲಿ ಅದೇ ಹೆಸರಲ್ಲಿ ಬರುವುದು ಡಬ್ಬಿಯ ತಿರುಳು. ಅನಾನಸ್ ಶೇಕ್ ಮೆನುವಿನಲ್ಲಿ ಯಾಕೆ ಅಪರೂಪ ಅಂತ ಯೋಚಿಸಿದ್ದೀರಾ? ಹಸಿ ಅನಾನಸ್‌ನಲ್ಲಿರುವ ಒಂದು ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಪಪಾಯದ್ದೂ ಅದೇ ಗುಣ. ಪಪಾಯ ಶೇಕ್ ಮಾಡಿಸಿಕೊಂಡರೆ ನಿಂತಲ್ಲೇ ಕುಡಿದುಬಿಡಬೇಕು.

ಕೋಳಿ ತಿಂದು ಹಾಲು ಕುಡಿಯಬಾರದು ಅಂತ ಮನೆಯಲ್ಲಿ ಅಜ್ಜಿ ಹೇಳಿರುತ್ತಾರೆ. ಆಯುರ್ವೇದದ ವಿರುದ್ಧಾಹಾರದ ಪಟ್ಟಿಯಲ್ಲಿ ಹಾಲು-ಮೀನು ಬಲು ಹೆಸರಾದ ಜೋಡಿ. ಇವತ್ತಿನ ವೈದ್ಯ ವಿಜ್ಞಾನ ಕೋಳಿ-ಹಾಲು ಸೇರಿದರೆ ವಿಷ ಅನ್ನುವುದಿಲ್ಲ. ಆದರೆ ಕೊಬ್ಬು ಜಾಸ್ತಿಯಾದಷ್ಟೂ ಹೊಟ್ಟೆ ಖಾಲಿಯಾಗುವುದು ನಿಧಾನ. ಹಾಲಿನ ಸಕ್ಕರೆ ಅರಗದ ಮೈ ಇರುವವರಿಗೆ ಹೊಟ್ಟೆ ಉಬ್ಬರವೂ ಸೇರುತ್ತದೆ. ಚೀಸ್ ಬರ್ಗರ್, ಫ್ರೈಸ್, ಮೇಲೆ ದೊಡ್ಡ ಶೇಕ್ ಮುಗಿಸಿ ಆಟೋದಲ್ಲಿ ಹಿಂದಕ್ಕೆ ಒರಗಿ ಕೂತಾಗ ಅಜ್ಜಿ ನೆನಪಾದರೆ ಆಶ್ಚರ್ಯವಿಲ್ಲ. ಇಬ್ಬರಿಗೆ ಒಂದು ಶೇಕ್ ಸಾಕು.

ಆರ್ಡರ್ ಮಾಡುವಾಗ ಇನ್ನೊಂದು ಸಣ್ಣ ಮಾತು. ಶೇಕ್ ಕಡೆಯಲು ಎರಡು ನಿಮಿಷ, ಬರ್ಗರ್‌ಗೆ ಹದಿನೈದು. ಸುಮ್ನೆ ಎರಡೂ ಹೇಳಿ ಕೂತರೆ ಶೇಕ್ ಮೊದಲು ಬರುತ್ತದೆ, ಬರ್ಗರ್ ಬರುವಷ್ಟರಲ್ಲಿ ಅದೂ ಮುಗಿದಿರುತ್ತದೆ, ಹಸಿವೂ ಮುಗಿದಿರುತ್ತದೆ. “ಶೇಕ್ ಬರ್ಗರ್ ಜೊತೆಗೇ ತನ್ನಿ ಅಣ್ಣ” ಅಂತ ಮೊದಲೇ ಹೇಳಿಬಿಡಿ. ವಾರಾಂತ್ಯದಲ್ಲಿ ಆ ಹದಿನೈದು ಮೂವತ್ತಾಗುತ್ತದೆ. ಅಡುಗೆಯವರ ಸೋಮಾರಿತನ ಅಲ್ಲ ಅದು. ಕಾವಲಿ ಅಷ್ಟೇ ಅಗಲ, ಬರ್ಗರ್ ಮೊದಲೇ ಮಾಡಿಡುವ ಹಾಗಿಲ್ಲ. ಹಾಗೆಯೇ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ. ಬಂದ ಕಾಗದದ ಸ್ಟ್ರಾ ದಪ್ಪ ಶೇಕಿನಲ್ಲಿ ಬಾಳುವುದಿಲ್ಲ, ಚಮಚ ಕೇಳಿ ಇಟ್ಟುಕೊಳ್ಳಿ.

ಬಿಲ್ಲು

ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇ 5. ಬಿಲ್ಲಿನಲ್ಲಿ ಅದು 2.5 ಕೇಂದ್ರದ್ದು, 2.5 ರಾಜ್ಯದ್ದು ಅಂತ ಎರಡು ಸಾಲಾಗಿ ಕಾಣುತ್ತದೆ. 2017ರ ನವೆಂಬರಿನಿಂದ ಇದೇ ದರ, ಎಸಿ ಇದ್ದರೂ ಇಲ್ಲದಿದ್ದರೂ, ಕೂತು ತಿಂದರೂ ಕಟ್ಟಿಸಿಕೊಂಡರೂ. ದುಬಾರಿ ಹೋಟೆಲಿನ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಶೇ 18 ಇರಬಹುದು. ಸಣ್ಣ ಅಂಗಡಿಯವರು ಕಾಂಪೊಸಿಷನ್ ಅನ್ನುವ ಯೋಜನೆಗೆ ಸೇರಿದ್ದರೆ ತೆರಿಗೆಯನ್ನು ಅವರೇ ಕಟ್ಟಬೇಕು, ನಮ್ಮಿಂದ ಜಿಎಸ್‌ಟಿ ಅಂತ ವಸೂಲಿ ಮಾಡುವಂತಿಲ್ಲ. ಅದನ್ನು ಬೋರ್ಡಿನಲ್ಲೂ ಬಿಲ್ಲಿನಲ್ಲೂ ಬರೆದಿರಬೇಕು.

ಐಸ್‌ಕ್ರೀಮ್ ಇಲ್ಲೂ ಒಂದು ತಮಾಷೆ ಮಾಡಿತ್ತು. ಪಾರ್ಲರಿನವರು ತಯಾರಾದ ಐಸ್‌ಕ್ರೀಮ್ ಸುಮ್ನೆ ತೆಗೆದುಕೊಡುತ್ತಾರೆ, ಅಡುಗೆ ಮಾಡುವುದಿಲ್ಲ, ಹಾಗಾಗಿ ಅದು ಸರಕು, ಶೇ 18 ಅಂತ 2021ರ ಅಕ್ಟೋಬರಿನಲ್ಲಿ ಸುತ್ತೋಲೆ ಬಂತು. ಅದೇ ಸ್ಕೂಪ್ ಬರ್ಗರ್ ಅಂಗಡಿಯಲ್ಲಿ ತಿಂದರೆ ಶೇ 5! 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮಿನ ದರವೇ ಶೇ 5ಕ್ಕೆ ಇಳಿದು ಈ ಗೋಜಲು ಮುಗಿಯಿತು.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದಾರೆ ಅಂತ ಜಗಳಕ್ಕೆ ಇಳಿಯುವ ಮುಂಚೆ ಇದು ಗೊತ್ತಿರಲಿ. ಕೂರಿಸಿ ಬಡಿಸುವ ಹೋಟೆಲುಗಳು ಹಾಗೆ ಹಾಕಬಹುದು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಟಲಿ ಬೇಡ, ಮಾಮೂಲಿ ನೀರು ಕೊಡಿ ಅನ್ನುವುದೇ ಸುಲಭದ ದಾರಿ.

ಸರ್ವಿಸ್ ಚಾರ್ಜ್ ಮಾತ್ರ ತೆರಿಗೆ ಅಲ್ಲ. ಶೇ 5 ಅಂತಲೋ 10 ಅಂತಲೋ ಬಿಲ್ಲಿನ ಮಧ್ಯೆ ಕೂತಿರುತ್ತದೆ, ಜಿಎಸ್‌ಟಿ ಪಕ್ಕದಲ್ಲೇ ಇರುವುದರಿಂದ ಸರ್ಕಾರದ್ದೇ ಅನ್ನಿಸುತ್ತದೆ. ಅದನ್ನು ಬಿಲ್ಲಿಗೆ ತಾವಾಗಿಯೇ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. “ಸರ್ವಿಸ್ ಚಾರ್ಜ್ ತೆಗೆದು ಬಿಲ್ ಕೊಡಿ” ಅಂದರೆ ಸಾಮಾನ್ಯವಾಗಿ ತಕರಾರಿಲ್ಲದೆ ತೆಗೆಯುತ್ತಾರೆ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಊಟ ಇಷ್ಟವಾಗಿದ್ದರೆ ಆ ಹಣವನ್ನು ಬಡಿಸಿದ ಹುಡುಗನ ಕೈಗೇ ಕೊಡಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ.